ಮೊದ್ಲು ಒಬ್ಬೊಬ್ರೇ ಹೇಳಿ, ಆಮೇಲೆ ಎಲ್ರೂ ಮಾತಾಡೋಣ

ಕೋಲಾರದ ಕಡೆ ಟೊಮೆಟೊ ಬೆಳೆಯೋ 140 ಜನ ನಾವು ಒಂದು ವಾಟ್ಸಾಪ್ ಗ್ರೂಪಲ್ಲಿದೀವಿ, ನಾನೇ ಅಡ್ಮಿನ್. ಇಷ್ಟು ಜನರ ಅನುಭವ ಒಂದ್ಕಡೆ ಸೇರಿದ್ರೆ ಸಾಕು, ತಪ್ಪೇ ಆಗಲ್ಲ ಅಂದ್ಕೊಂಡಿದ್ದೆ. ಆಯ್ತು, ಅದೂ ನನ್ನ ತೋಟದಲ್ಲೇ.

ಎಲೆ ಫೋಟೋ ಹಾಕ್ದೆ. ಮೂವತ್ತು ವರ್ಷದಿಂದ ಬೆಳೀತಿರೋ ಹಿರೀರೊಬ್ರು "ರಂಗೋಲಿ ಹುಳ ಕಣಪ್ಪ" ಅಂದ್ರು, ಹಿಂದೇನೇ ಹೌದು ಹೌದು ಅಂತ ಸಾಲಾಗಿ ಹೆಬ್ಬೆಟ್ಟು. ರಂಗೋಲಿ ಹುಳ ಎಲೆ ಒಳಗೇ ಕೊರ್ಕೊಂಡು ತಿನ್ನುತ್ತೆ, ಎಲೆ ಬಿಟ್ಟು ಕಾಯಿಗೆ ಇಳಿಯಲ್ಲ, ಅದಕ್ಕೇ ಬೇವಿನೆಣ್ಣೆ ಹೊಡೆದು ಸುಮ್ನಾದೆ. ಎಂಟು ದಿನ ಬಿಟ್ಟು ಕಾಯಿ ಬಿಡಿಸೋಕೆ ಬಂದ ಅಕ್ಕ ತೊಟ್ಟಿನ ಪಕ್ಕ ಸೂಜಿ ಚುಚ್ಚಿದಂಗಿರೋ ತೂತು ತೋರ್ಸಿದ್ರು. ಊಜಿ, ಅಂದ್ರೆ ಎಲೆನೂ ತಿಂದು ಕಾಯಿಗೂ ಇಳಿಯೋ ಹುಳ. ಮಂಡಿಗೆ ಹೋಗ್ಬೇಕಿದ್ದ 15 ಕೆಜಿ ಬಾಕ್ಸುಗಳು ಎಷ್ಟೋ ತಿಪ್ಪೆ ಸೇರಿದ್ವು. ಆಮೇಲೆ ವಿಚಾರಿಸಿದ್ರೆ ಐದಾರು ಜನಕ್ಕೆ ಅವತ್ತೇ ಅನುಮಾನ ಬಂದಿತ್ತಂತೆ, ದೊಡ್ಡೋರು ಹೇಳಿದ್ಮೇಲೆ ನಾವೇನು ಹೇಳೋದು ಅಂತ ಬಾಯಿ ಬಿಟ್ಟಿರ್ಲಿಲ್ಲ. ಬೆಳೆ ಹೋಗಿದ್ದಕ್ಕಿಂತ ಇದೇ ನನಗೆ ಜಾಸ್ತಿ ಚುಚ್ತು.

ಈಗ ಫೋಟೋ ಬಂದ್ರೆ ಗ್ರೂಪಲ್ಲಿ ಯಾರೂ ಉತ್ತರ ಹಾಕಂಗಿಲ್ಲ. ಸಂಜೆ 7ರ ಒಳಗೆ ನನಗೆ ಒಬ್ಬನಿಗೇ ವಾಯ್ಸ್ ಕಳಿಸ್ಬೇಕು, ಏನು ರೋಗ, ಯಾಕೆ ಹಂಗನ್ಸುತ್ತೆ, ಎರಡೂ. ಹೆಸರು ತೆಗೆದು ಎಲ್ಲಾನೂ ಬರೆದು ಒಟ್ಟಿಗೆ ಹಾಕ್ತೀನಿ, ಚರ್ಚೆ ಆಮೇಲೆ. ಕಾಯಿ ಬಿಡಿಸೋ ಅಕ್ಕನ ಮಾತೂ ನನ್ನ ಫೋನಲ್ಲೇ ರೆಕಾರ್ಡ್ ಮಾಡ್ಕೊಂಡು ಸೇರಿಸ್ತೀನಿ.

ಒಬ್ರ ಮಾತು ಇನ್ನೊಬ್ರು ಕೇಳ್ದೆ ಹೇಳಿದ್ರೆ ಏನಾಗುತ್ತೆ ಅನ್ನೋಕೆ ಒಂದು ಹಳೇ ಕತೆ ಇದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ದನದ ಪ್ರದರ್ಶನಕ್ಕೆ ಬಂದೋರು ಒಂದು ಎತ್ತಿನ ಮಾಂಸ ಎಷ್ಟು ತೂಗುತ್ತೆ ಅಂತ ಅವರವರ ಚೀಟೀಲಿ ಬರೆದ್ರು, ಆ 787 ಚೀಟಿನ ಫ್ರಾನ್ಸಿಸ್ ಗಾಲ್ಟನ್ ಅನ್ನೋ ವಿಜ್ಞಾನಿ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿ ನೋಡಿದ್ರೆ ನಡುಮಧ್ಯದ ಅಂದಾಜು 1207 ಪೌಂಡ್, ನಿಜವಾದ ತೂಕ 1198. ಆದ್ರೆ ತೂಕಕ್ಕೆ ನಡುಮಧ್ಯ ಅಂತ ಇರುತ್ತೆ, ರೋಗಕ್ಕೆ ಎಲ್ಲಿರುತ್ತೆ? ನಲವತ್ತು ಜನ ಒಂದು ಹೇಳಿ ಒಬ್ಬನೇ ಸರಿ ಇರ್ಬೋದು, ಅದಕ್ಕೇ ಕಾರಣ ಕೇಳೋದು.

ಹಂಗೆ ಬಂದ ಕಾರಣದಲ್ಲೇ ಒಬ್ಬ ಹುಡುಗ ಎಲೆನ ಬಿಸಿಲಿಗೆ ಹಿಡಿದು ನೋಡಿ ಅಂದಿದ್ದ. ರಂಗೋಲಿ ಆದ್ರೆ ದಾರದಂಥ ಸಣ್ಣ ಗೆರೆ ಅಂಕುಡೊಂಕಾಗಿ ಓಡಿರುತ್ತೆ, ಊಜಿ ಆದ್ರೆ ಅಗಲಕ್ಕೆ ಗುಳ್ಳೆ, ಎಣ್ಣೆ ಕಾಗದ ಇದ್ದಂಗೆ, ಒಳಗೆ ಕರೀ ಹಿಕ್ಕೆ ಕಾಣುತ್ತೆ. ಈಗ ಯಾರೇ ಫೋಟೋ ಹಾಕಿದ್ರೂ ಬಿಸಿಲಿಗೆ ಹಿಡಿದದ್ದು ಒಂದು ಇರ್ಲೇಬೇಕು.

ಹೋದ ವಾರ ಆ ಹಿರೀರ ವಾಯ್ಸ್ ಬಂತು, ಎಲ್ಲರಿಗಿಂತ ಮೊದ್ಲು: "ಇದ್ರಲ್ಲಿ ಗೊತ್ತಾಗ್ತಿಲ್ಲ ಕಣೋ, ಬಿಸಿಲಿಗೆ ಹಿಡಿದಿದ್ದು ಕಳಿಸಕ್ಕೆ ಹೇಳು."