ಕುಂಡ ತೂಗಿ ಕಲಿತ ನೀರಿನ ಲೆಕ್ಕ

2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಅಷ್ಟು ಬೇಗ ಮರೆಯೋದಿಲ್ಲ. ಎಷ್ಟೋ ಕೊಳವೆಬಾವಿಗಳು ಬತ್ತಿದ್ದವು. ಟ್ಯಾಂಕರಿಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಅನ್ನುತ್ತಿದ್ದರು. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯೋದಕ್ಕೆ ಬಳಸಿದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ತಾರಸಿಯಲ್ಲಿ ಆಗ ಕುಂಡ, ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಎಲ್ಲ ಸೇರಿ 64. ಕೆಳಗೆ ಮನೆ ಪಕ್ಕದ ಸಣ್ಣ ಜಾಗದಲ್ಲಿ ಒಂದು ನಿಂಬೆ, ಒಂದು ಕರಿಬೇವು. ಬೆಳಿಗ್ಗೆ ಪೈಪು ಹಿಡಿದು ನಿಂತರೆ ಮುಗಿಯೋಕೆ 40 ನಿಮಿಷ.

ಆ ಪೈಪಿನಲ್ಲಿ ಎಷ್ಟು ನೀರು ಹೋಗುತ್ತದೆ ಅಂತ ಅಲ್ಲಿಯವರೆಗೂ ನೋಡಿರಲಿಲ್ಲ. 20 ಲೀಟರಿನ ಕ್ಯಾನ್ ಇಟ್ಟು ಹಿಡಿದೆ, ಎರಡೂವರೆ ನಿಮಿಷಕ್ಕೆ ತುಂಬಿತು. ಅಂದರೆ ನಿಮಿಷಕ್ಕೆ 8 ಲೀಟರ್, ದಿನಕ್ಕೆ 320. ಒಂದು 6000 ಲೀಟರಿನ ಟ್ಯಾಂಕರು 19 ದಿನ ಬರೀ ಗಿಡಕ್ಕೇ ಆಗುತ್ತಿತ್ತು. ಬೀದಿಯ ಜನ ಕೊಡ ಹಿಡಿದು ನಿಂತಿರುವಾಗ ಆ ಲೆಕ್ಕ ನೋಡಿ ತುಂಬಾ ಸಂಕಟವಾಯಿತು.

ಅವತ್ತಿನಿಂದ ಗಿಡಕ್ಕೆ ನಲ್ಲಿ ನೀರು ಬಂದ್. ಅಕ್ಕಿ, ಬೇಳೆ, ತರಕಾರಿ ತೊಳೆದದ್ದು, ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಗೆ ಬಿಡುವ ನೀರು, ಬಟ್ಟೆ ಕೊನೆಯ ಸಲ ಜಾಲಿಸಿದ್ದು, ಇಷ್ಟೂ ಸೇರಿಸಿದರೆ ದಿನಕ್ಕೆ 70 ಲೀಟರ್. ಇಷ್ಟರಲ್ಲಿ 64 ಕುಂಡ ಬದುಕಬೇಕಾದರೆ ಯಾವ ಗಿಡ ನಿಜವಾಗಿ ಎಷ್ಟು ಕುಡಿಯುತ್ತದೆ ಅನ್ನೋದು ಗೊತ್ತಾಗಬೇಕು.

ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆಯ ತಕ್ಕಡಿ ಮನೆಯಲ್ಲಿತ್ತು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಹಾಗಾಗಿ ಟೊಮೆಟೊ ಇದ್ದ 12 ಇಂಚಿನ ಗ್ರೋ ಬ್ಯಾಗಿಗೆ ಚೆನ್ನಾಗಿ ನೀರುಣಿಸಿ, ತಳದಿಂದ ಸೋರೋದು ನಿಂತ ಮೇಲೆ ಹಗ್ಗ ಕಟ್ಟಿ ತೂಗಿದೆ: 14 ಕೆ.ಜಿ. 200 ಗ್ರಾಂ. ಮಾರನೆಯ ದಿನ ಅದೇ ಹೊತ್ತಿಗೆ 13 ಕೆ.ಜಿ. 300 ಗ್ರಾಂ. ಏಪ್ರಿಲ್ ಬಿಸಿಲಲ್ಲಿ ಕಾಯಿ ಹೊತ್ತ ಗಿಡ ಒಂದು ದಿನಕ್ಕೆ ಕುಡಿದಿದ್ದು, ಆರಿಹೋಗಿದ್ದು ಎಲ್ಲ ಸೇರಿ 900 ಎಂ.ಎಲ್. ಅಷ್ಟೇ. ಪಕ್ಕದ ದಾಸವಾಳ 600. ಲೋಳೆಸರದ ಕುಂಡದ್ದು ಮೂರು ದಿನ ಕಳೆದರೂ 150 ಗ್ರಾಂ ಇಳಿದಿರಲಿಲ್ಲ. ಇವೆಲ್ಲಕ್ಕೂ ನಾನು ಇಷ್ಟು ವರ್ಷ ಒಂದೇ ಸಮ ಪೈಪು ತಿರುಗಿಸಿದ್ದೆ.

ಹಾಗಾದರೆ ಉಳಿದ ನೀರು ಎಲ್ಲಿ ಹೋಗುತ್ತಿತ್ತು? ಬ್ಯಾಗಿನ ಕೆಳಗೆ ತಟ್ಟೆ ಇಟ್ಟು ನೋಡಿದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳೋದಿಲ್ಲ. ಮಣ್ಣು ಕುಗ್ಗಿ ಬ್ಯಾಗಿನ ಅಂಚಿಂದ ಬಿಟ್ಟಿರುತ್ತದಲ್ಲ, ಆ ಸಂದಿನಲ್ಲೇ ನೀರು ಜಾರಿ ತಳಕ್ಕೆ ಬರುತ್ತದೆ. ಮೇಲೆ ಒದ್ದೆ, ನಡುವೆ ಬೂದಿಯ ಹಾಗೆ ಒಣಗಿದ ಮಣ್ಣು. ಈಗ ಅರ್ಧ ಮಗ್ ಹಾಕಿ ಮುಂದೆ ಹೋಗುತ್ತೇನೆ. ಸಾಲು ಮುಗಿಸಿ, ಹತ್ತು ನಿಮಿಷ ಬಿಟ್ಟು ಬಂದು ಇನ್ನರ್ಧ ಹಾಕುತ್ತೇನೆ. ಮೊದಲ ಸುತ್ತು ಮಣ್ಣನ್ನು ನೆನೆಸುತ್ತದೆ, ಎರಡನೆಯದು ಬೇರಿಗೆ ಇಳಿಯುತ್ತದೆ. ತಟ್ಟೆಯಲ್ಲಿ ಈಗ ಹನಿ ಕಂಡರೆ ಹೆಚ್ಚು.

ಎರಡು ಟೊಮೆಟೊ ಬ್ಯಾಗಿನಲ್ಲಿ ಒಂದಕ್ಕೆ ಮಾತ್ರ ಎರಡಿಂಚು ಒಣ ಎಲೆ, ತೆಂಗಿನ ನಾರು ಹೊದಿಸಿದೆ. ಅದರ ದಿನದ ಇಳಿತ 600 ಗ್ರಾಮಿಗೆ ಬಂತು. ಹೊದಿಕೆಗೆ ಒಂದು ಪೈಸೆ ಖರ್ಚಿಲ್ಲ. ತೋಟಕ್ಕೆ ಮೊದಲು ಮಾಡಬೇಕಾದ ಕೆಲಸವೇ ಇದು ಅಂತ ನಾನು ಯಾರಿಗಾದರೂ ಹೇಳುತ್ತೇನೆ.

ಕುಂಡಗಳ ಅಂಚಿಗೆ ಬಣ್ಣ ಬಳಿದೆ. ಕೆಂಪು ದಿನವೂ: ಟೊಮೆಟೊ, ಬದನೆ, ಸೌತೆ, ಸೊಪ್ಪುಗಳು. ಹಳದಿ ದಿನ ಬಿಟ್ಟು ದಿನ: ದಾಸವಾಳ, ಗುಲಾಬಿ, ಮಲ್ಲಿಗೆ. ಬಿಳಿ ವಾರಕ್ಕೊಮ್ಮೆ: ದೊಡ್ಡಪತ್ರೆ, ಲೋಳೆಸರ. ಮೆಂತ್ಯ, ಕೊತ್ತಂಬರಿ ಬೇರು ಮೇಲೇ ಇರೋದರಿಂದ ಅವಕ್ಕೆ ಸ್ವಲ್ಪ ಸ್ವಲ್ಪವೇ ಸಾಕು. ಬೆಳಿಗ್ಗೆ ಏಳರೊಳಗೆ ಎಲ್ಲ ಮುಗಿಯುತ್ತದೆ. ಆರ್‌ಓ ಯಂತ್ರ ಹೊರಗೆ ಬಿಟ್ಟ ನೀರಲ್ಲಿ ಲವಣ ಜಾಸ್ತಿ, ಒಂದೇ ಕುಂಡಕ್ಕೆ ಹಾಕುತ್ತ ಹೋದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಹಾಗಾಗಿ ಬೇರೆ ನೀರಿನೊಂದಿಗೆ ಸರದಿ. ಬಟ್ಟೆ ಜಾಲಿಸಿದ್ದು ಹೂಗಿಡಕ್ಕೆ ಮಾತ್ರ.

ಒಂದು ದಿನ ಮಧ್ಯಾಹ್ನ ಮೂರಕ್ಕೆ ಸೌತೆ ಎಲೆ ಜೋತುಬಿದ್ದಿದ್ದು ನೋಡಿ ಗಾಬರಿಯಾಗಿ ಚೊಂಬು ತೆಗೆದುಕೊಂಡು ಓಡಿದ್ದೆ. ಅತ್ತೆ ತಡೆದರು. "ಬಿಸಿಲಿಗೆ ಬಾಡಿದೆ ಕಣಮ್ಮ, ಸಂಜೆ ನೋಡು. ಬೆಳಿಗ್ಗೆನೂ ಹಿಂಗೇ ಇದ್ರೆ ಹಾಕು." ಆರು ಗಂಟೆಗೆ ಎಲೆ ನೆಟ್ಟಗೆ ನಿಂತಿತ್ತು.

ಹನಿ ನೀರಾವರಿ ಕಿಟ್ ತಂದಾಗ ಪೆಟ್ಟು ತಿಂದೆ. ನಮ್ಮ ಟ್ಯಾಂಕು ತಾರಸಿಯಿಂದ ಬರೀ ನಾಲ್ಕಡಿ ಮೇಲಿದೆ. ಅಷ್ಟು ಎತ್ತರದ ಒತ್ತಡಕ್ಕೆ ಹತ್ತಿರದ ಡ್ರಿಪ್ಪರುಗಳು (ನೀರು ಹನಿಸುವ ಮೂತಿಗಳು) ಸುರಿಯುತ್ತಿದ್ದವು, ಕೊನೆಯವು ಹನಿಯುತ್ತಲೇ ಇರಲಿಲ್ಲ. ಟೈಮರ್ ನಂಬಿ ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಕೊನೆಯ ಸಾಲಿನ ಎರಡು ದಪ್ಪಮೆಣಸಿನ ಗಿಡ ಒಣಗಿ ಕಡ್ಡಿಯಾಗಿದ್ದವು. ಕಾಯಿ ಆಗಷ್ಟೇ ಕಚ್ಚಿತ್ತು. ಈಗ ಆ ಉದ್ದದ ಪೈಪನ್ನು ಎರಡು ಗಿಡ್ಡ ಸಾಲಾಗಿ ಕತ್ತರಿಸಿದ್ದೇನೆ, ಪ್ರತಿ ಡ್ರಿಪ್ಪರ್ ಕೆಳಗೂ ಲೋಟ ಇಟ್ಟು ಅಳೆದ ಮೇಲೆಯೇ ಮನೆ ಬಿಡೋದು.

ಮಳೆಗಾಲಕ್ಕೆ ಬೇರೆ ಲೆಕ್ಕ. ತಾರಸಿಯಲ್ಲಿ ನೇರ ಗೋಡೆಯ ಒಂದು ಡಬ್ಬಿ ಇಟ್ಟಿದ್ದೇನೆ. ಒಂದು ಸೆಂಟಿಮೀಟರ್ ನಿಂತರೆ ಮರುದಿನ ಕೆಂಪಿಗೂ ರಜೆ. ಆದರೆ ದಟ್ಟ ಎಲೆಯ ಗಿಡ ಕೊಡೆಯ ಹಾಗೆ ಮಳೆಯನ್ನು ಹೊರಗೆ ಚೆಲ್ಲಿಬಿಡುತ್ತದೆ. ಆರಿದ್ರಾ ಮಳೆ ರಪರಪ ಹೊಡೆದ ಮಾರನೆಯ ದಿನವೂ ಬದನೆಯ ಬುಡದಲ್ಲಿ ಒಣ ಮಣ್ಣು ಸಿಕ್ಕಿದ್ದುಂಟು. ಅಂಥವಕ್ಕೆ ಬೆರಳು ಇಳಿಸಿ ನೋಡಲೇಬೇಕು.

ತಕ್ಕಡಿ ಈಗ ಅಪರೂಪ. ಕುಂಡದ ಅಂಚು ಹಿಡಿದು ಸ್ವಲ್ಪ ವಾಲಿಸಿದರೆ ಭಾರ ಕೈಗೇ ತಿಳಿಯುತ್ತದೆ. ನೆಲದ ನಿಂಬೆ, ಕರಿಬೇವನ್ನು ಎತ್ತೋಕಾಗುತ್ತದೆಯೇ? ಅವಕ್ಕೆ ಒಂದು ಕಬ್ಬಿಣದ ಸರಳು ಇಟ್ಟುಕೊಂಡಿದ್ದೇನೆ. ನೀರು ಹಾಕಿದ ಮರುದಿನ ಚುಚ್ಚಿದರೆ ಒದ್ದೆ ಇರುವವರೆಗೆ ಸಲೀಸಾಗಿ ಇಳಿದು, ಒಣ ಮಣ್ಣಿಗೆ ತಾಗಿದ ಕೂಡಲೇ ನಿಲ್ಲುತ್ತದೆ. ನಿಂಬೆಯ ಕಾಂಡದ ಬುಡಕ್ಕೆ ಸುರಿಯುತ್ತಿದ್ದಾಗ ಅರ್ಧ ಅಡಿಗೇ ನಿಲ್ಲುತ್ತಿತ್ತು. ರೆಂಬೆಗಳ ಅಂಚಿನ ಕೆಳಗೆ ಸುತ್ತಲೂ ಪಾತಿ ತೆಗೆದು, ವಾರಕ್ಕೆರಡು ಕ್ಯಾನ್ ನಿಧಾನವಾಗಿ ಇಂಗಿಸೋಕೆ ಶುರುಮಾಡಿದ ಮೇಲೆ ಮೊನ್ನೆ ಒಂದೂಕಾಲು ಅಡಿ ಇಳಿಯಿತು.