ಒಂದೇ ಬೀಟು, ಒಂಬತ್ತು ಬಾಯಿ

ಅಮೆರಿಕದ ರ್‍ಯಾಪ್ ತಂಡ ವು-ಟ್ಯಾಂಗ್ ಕ್ಲ್ಯಾನ್‌ನಲ್ಲಿ ಸಾಹಿತ್ಯದ ವಿಷಯಕ್ಕೆ ಬಂದರೆ ಯಾರು ಗಟ್ಟಿಗ? ನನಗೂ ನನ್ನ ಹಳೇ ರೂಮ್‌ಮೇಟ್‌ಗೂ ಇದು ಮುಗಿಯದ ಜಗಳ. ಅವನು ಮೆಥಡ್ ಮ್ಯಾನ್ ಕಡೆ, ನಾನು ಜಿಜ಼ಾ ಕಡೆ. ಬಾಯಿಮಾತಿನ ವಾದ ಸಾಕಾಗಿ, ಒಂದು ಮಳೆಗಾಲ ಪೆನ್ನು ಹಿಡಿದು ಕೂತೆ.

ಸೋಲೋ ಆಲ್ಬಮ್‌ಗಳನ್ನು ಪಕ್ಕಕ್ಕಿಟ್ಟೆ. ಹಿನ್ನೆಲೆಯ ತಾಳ, ಅಂದರೆ ಬೀಟು, ಬೇರೆಯಾದರೆ ತಕ್ಕಡಿಯೂ ಬೇರೆ. ಆರಿಸಿದ್ದು ತಂಡದ 1997ರ ಹಾಡು ‘ಟ್ರಯಂಫ್’. ಐದೂವರೆ ನಿಮಿಷ, ಪಲ್ಲವಿಯೇ ಇಲ್ಲ, ಒಬ್ಬನ ಹಿಂದೆ ಒಬ್ಬನಂತೆ ಒಂಬತ್ತು ಜನ. ಓಲ್ ಡರ್ಟಿ ಬಾಸ್ಟರ್ಡ್ ಮಾತ್ರ ಶುರುವಿನಲ್ಲೂ ನಡುವೆಯೂ ಅಬ್ಬರಿಸಿ ಹೋಗುತ್ತಾನೆ, ಅವನದೊಂದು ಪೂರ್ತಿ ಚರಣವಿಲ್ಲ. ಅವನ ಬದಲು ಒಂಬತ್ತರ ಲೆಕ್ಕ ತುಂಬುವುದು ಕ್ಯಾಪಡೋನಾ.

ಸಾಹಿತ್ಯ ಪ್ರಿಂಟ್ ತೆಗೆದು ಪ್ರಾಸಕ್ಕೊಂದೊಂದು ಬಣ್ಣ ಬಳಿಯತೊಡಗಿದೆ. ಮೊದಲ ವಾರದ ಕೆಲಸವೆಲ್ಲ ದಂಡ. ನಮ್ಮ ಹಳೆಯ ಪದ್ಯಗಳಲ್ಲಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಕೂಡಬೇಕು, ಸ್ವರ ಬೇರೆಯಾದರೂ ನಡೆಯುತ್ತದೆ. ಆ ಅಭ್ಯಾಸದಲ್ಲೇ ನಾನು ವ್ಯಂಜನ ಹುಡುಕುತ್ತಿದ್ದೆ. ಇವರದು ತಿರುವುಮುರುವು: ಸ್ವರ ಕೂಡಿದರೆ ಆಯಿತು, ವ್ಯಂಜನ ಎತ್ತ ಹೋದರೂ ಚಿಂತೆಯಿಲ್ಲ. ಕಾಗುಣಿತ ನಂಬದೆ, ಪ್ಲೇಬ್ಯಾಕ್ ವೇಗ 0.75ಕ್ಕೆ ಇಳಿಸಿ, ಕಿವಿಯಿಂದಲೇ ಮತ್ತೆ ಬಣ್ಣ ಹಾಕಿದೆ.

ಆಗ ಇನ್‌ಸ್ಪೆಕ್ಟಾ ಡೆಕ್‌ನ ಹಾಳೆ ಹೋಳಿಯಾಯಿತು! ಮೊದಲ ಚರಣವೇ ಅವನದು. ಸಾಕ್ರಟೀಸನನ್ನು ಎಳೆತಂದು, ನಾಲ್ಕೈದು ಅಕ್ಷರಗಳ ಉದ್ದುದ್ದ ಪದಗಳನ್ನು ಒಂದೇ ಸ್ವರಸರಣಿಗೆ ಪೋಣಿಸುತ್ತಾನೆ. ಪ್ರಾಸ ಸಾಲಿನ ತುದಿಗೆ ಕಾಯುವುದಿಲ್ಲ, ಒಳಗೊಳಗೇ ಹರಿಯುತ್ತದೆ. ಅವನಿಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಯು-ಗಾಡ್‌ನದು ದನಿಯೇ ಬಂಡವಾಳ, ಬಣ್ಣ ಕಡಿಮೆ.

ನನ್ನ ಜಿಜ಼ಾ? ಬಣ್ಣದಲ್ಲಿ ಡೆಕ್‌ಗಿಂತ ಹಿಂದೆ. ಬೇಸರವಾಯಿತು, ಸುಳ್ಳೇಕೆ. ಆದರೆ ಅವನ ಕಸುಬು ಶ್ಲೇಷೆಯದು. 1995ರ ‘ಲಿಕ್ವಿಡ್ ಸ್ವೋರ್ಡ್ಸ್’ನಲ್ಲಿ ಒಂದು ಹಾಡಿನುದ್ದಕ್ಕೂ ರೆಕಾರ್ಡ್ ಕಂಪನಿಗಳ ಹೆಸರುಗಳನ್ನೇ ಮಾತಿನೊಳಗೆ ಹೆಣೆದಿದ್ದಾನೆ, 1999ರಲ್ಲಿ ಪತ್ರಿಕೆಗಳ ಹೆಸರು ಹಿಡಿದು ಅದೇ ಆಟ. ಪದಸಂಪತ್ತನ್ನು ಲೆಕ್ಕ ಹಾಕಿದವರೂ ಇದ್ದಾರೆ. ಡೇಟಾ ವಿಶ್ಲೇಷಕ ಮ್ಯಾಟ್ ಡೇನಿಯಲ್ಸ್ 2014ರಲ್ಲಿ ರ್‍ಯಾಪರ್‌ಗಳ ಮೊದಲ 35,000 ಪದಗಳನ್ನು ಎಣಿಸಿದಾಗ ಜಿಜ಼ಾನಲ್ಲಿ 6,426 ಬೇರೆಬೇರೆ ಪದಗಳು ಸಿಕ್ಕವು. ಈ ಅಂಕಿಯನ್ನು ರೂಮ್‌ಮೇಟ್‌ಗೆ ತಕ್ಷಣ ಕಳಿಸಿದೆ.

ಗೋಸ್ಟ್‌ಫೇಸ್ ಯಾವ ಲೆಕ್ಕಕ್ಕೂ ಬಗ್ಗಲಿಲ್ಲ. ಅವನಲ್ಲಿ ಪ್ರಾಸಕ್ಕಿಂತ ಚಿತ್ರ ಮುಂದು. ಊಟ, ಬಟ್ಟೆ, ಬೀದಿಯ ಬೈಗುಳ ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಅರ್ಥ ಆಮೇಲೆ, ಮೊದಲು ಕಣ್ಣಿಗೆ ಕಟ್ಟುತ್ತದೆ. ಅವನಿಗೆ ‘ಕಂಡದ್ದು’ ಅಂತ ಬೇರೆ ಕಾಲಮ್ಮೇ ಎಳೆದೆ. ರೇಕ್ವಾನ್‌ನೂ ಅದೇ ಕಾಲಮ್ಮಿಗೆ ಸೇರಿದ, ಅವನದು ಕತೆ ಹೇಳುವ ದಾರಿ.

ಕೊನೆಗೆ ಉಳಿದದ್ದು ಮೆಥಡ್ ಮ್ಯಾನ್. ಹಾಳೆ ನೋಡಿದರೆ ಅಂಥ ವಿಶೇಷವಿಲ್ಲ. ಚಪ್ಪಾಳೆ ತಟ್ಟುತ್ತ ಅವನ ಚರಣವನ್ನು ನಾನೇ ಹೇಳಹೋದೆ. ಪದ ಎಲ್ಲಿ ಬೀಳಬೇಕೋ ಅದಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬಿಡುತ್ತಾನೆ, ಮತ್ತೆಲ್ಲೋ ಓಡಿ ಹಿಡಿಯುತ್ತಾನೆ. ಹತ್ತು ಸಲ ಪ್ರಯತ್ನಿಸಿದರೂ ಚಪ್ಪಾಳೆ ಒಂದು ಕಡೆ, ನಾಲಿಗೆ ಒಂದು ಕಡೆ. ಆ ರಾತ್ರಿ ರೂಮ್‌ಮೇಟ್‌ಗೆ ಫೋನ್ ಮಾಡಿ, “ಅರ್ಧ ನೀನು ಗೆದ್ದೆ ಕಣೋ” ಅಂದೆ. ಪೂರ್ತಿ ಯಾಕಲ್ಲ ಅಂತ ಅವನು ಇನ್ನೂ ಕೇಳುತ್ತಿದ್ದಾನೆ.