ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಫ್ಯೂಸ್ ಢಮಾರ್

ಅಪ್ಪನ ಕಾಲದ 12 ವೋಲ್ಟ್ ಬೈಕು, ಒಂದೇ ವಾರದಲ್ಲಿ ನಾಲ್ಕು ಫ್ಯೂಸ್ ತಿಂದಿತ್ತು. ಮೆಕ್ಯಾನಿಕ್ ಒಬ್ಬರು "ಪೂರ್ತಿ ವೈರಿಂಗ್ ಬದಲಾಯಿಸಿ ಸಾರ್" ಅಂದರು. ಇನ್ನೊಬ್ಬರು ಫ್ಯೂಸ್ ಜಾಗಕ್ಕೆ ತಂತಿ ಸುತ್ತಿಕೊಡ್ತೀನಿ ಅಂದರು. ಬೆಂಕಿ ಹತ್ತೋ ಕೆಲಸ ಅದು, ಬೇಡ ಅಂದೆ.

ಕೊನೆಗೆ ನಾನೇ ಕೂತೆ. ಫ್ಯೂಸ್ ತೆಗೆದು ಅದರ ಎರಡು ಕ್ಲಿಪ್ಪುಗಳ ನಡುವೆ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬ್ ಸೇರಿಸಿದೆ. ಎಲ್ಲೇ ಶಾರ್ಟ್ ಆದರೂ, ಅಂದರೆ ಕರೆಂಟಿನ ವೈರು ಬೈಕಿನ ಲೋಹಕ್ಕೆ ತಾಗಿದರೂ, ಬಲ್ಬ್ ಜೋರಾಗಿ ಉರಿಯುತ್ತೆ, ಹರಿಯೋ ಕರೆಂಟು ಎರಡು ಆಂಪಿಯರ್ ಆಸುಪಾಸಿನಲ್ಲೇ ನಿಲ್ಲುತ್ತೆ. ಹಾಗಾಗಿ ಫ್ಯೂಸ್ ದಂಡವಿಲ್ಲದೆ ನಿಧಾನವಾಗಿ ಹುಡುಕಬಹುದು. ಕೀ ಆನ್ ಮಾಡಿದೆ, ಮಂಕಾಗಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದೆ, ಝಗ್ಗನೆ ಬೆಳಗಿತು!

ಹೆಡ್‌ಲೈಟ್ ಬಿಚ್ಚಿ ಹಳೇ ಟೇಪ್ ಸುಲಿದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ತಿರುಗುವ ಕಡೆ ಹಾರ್ನಿನ ವೈರು ಉಜ್ಜಿ ಉಜ್ಜಿ, ಅಕ್ಕಿಕಾಳಿನಷ್ಟು ತಾಮ್ರ ಇಣುಕುತ್ತಿತ್ತು. ಚಾಸಿಗೆ, ಅಂದರೆ ಬೈಕಿನ ಲೋಹದ ಚೌಕಟ್ಟಿಗೆ, ತಾಗಿ ಕಪ್ಪಾಗಿತ್ತು. ಆ ತುಂಡು ಕತ್ತರಿಸಿ, ಅಷ್ಟೇ ದಪ್ಪದ ವೈರು ಬೆಸೆದು, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ತೊಡಿಸಿದೆ. ಹ್ಯಾಂಡಲ್ ಪೂರ್ತಿ ತಿರುಗಿದರೂ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದೆ.

ಎರಡು ತಿಂಗಳಾಯಿತು, ಅದೇ ಫ್ಯೂಸ್ ಇದೆ. ಹಾರ್ನ್ ಮಾತ್ರ ಇನ್ನೂ ಕೆಮ್ಮುತ್ತೆ. ಅದಕ್ಕೆ ಇನ್ನೊಂದು ಭಾನುವಾರ.